ಫ್ರೆಟ್ ಕೀಳುವುದಷ್ಟೇ ಅಲ್ಲ
ಅಮೆರಿಕದ ಬೇಸ್ ಗಿಟಾರ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿ) ಕಿತ್ತು ಬೇಸ್ ಗಿಟಾರನ್ನು ಬದಲಿಸಿದ ಎಂದು ಅವನ ಕುರಿತ ಲೇಖನವೊಂದರಲ್ಲಿ ಓದಿದೆ. ಅರ್ಧ ಸರಿ. ಆಂಪೆಗ್ ಕಂಪನಿ 1966ರಲ್ಲೇ ಫ್ರೆಟ್ ಇಲ್ಲದ, ಅಂದರೆ ಫ್ರೆಟ್‌ಲೆಸ್ ಬೇಸ್ ಮಾರುತ್ತಿತ್ತು. ಜಾಕೋನ ನಿಜವಾದ ಕೊಡುಗೆ ಹಾರ್ಮೋನಿಕ್ಸ್, ಅಂದರೆ ತಂತಿಯನ್ನು ಒತ್ತದೆ ಬರೀ ಸೋಕಿ ಹೊರಡಿಸುವ ಗಂಟೆಯಂಥ ಮೇಲ್ಸ್ವರಗಳು: 1976ರ ಮೊದಲ ಆಲ್ಬಮ್‌ನ ‘ಪೋರ್ಟ್ರೇಟ್ ಆಫ್ ಟ್ರೇಸಿ’ಯಲ್ಲಿ ಬೇಸ್ ತಾನೊಂದೇ ರಾಗವನ್ನೂ ಸ್ವರಮೇಳವನ್ನೂ ಹೊರುತ್ತದೆ.

ನುಡಿಸಲು ಕೂತವರು ಎಡವುವುದು ಬೆರಳಿನ ಜಾಗದಲ್ಲಿ. 5, 7, 12ನೇ ಫ್ರೆಟ್‌ಗಳ ಮೇಲೆ ಸ್ವರ ಸುಲಭವಾಗಿ ಸಿಗುತ್ತದೆ. 4ನೆಯದರಲ್ಲಿ ಹಾಗಲ್ಲ. ಅಲ್ಲಿನ ಐದನೇ ಹಾರ್ಮೋನಿಕ್ ಸಿಗುವುದು ತಂತಿಯ ಐದನೇ ಒಂದು ಭಾಗದಲ್ಲಿ. 34 ಇಂಚಿನ ತಂತಿಗೆ ಅದು ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸುಮಾರು 173 ಮಿ.ಮೀ.; 4ನೇ ಫ್ರೆಟ್ ಇರುವುದು 178ರಲ್ಲಿ. ಅಂದರೆ ಬೆರಳು 5 ಮಿ.ಮೀ. ನಟ್ ಕಡೆಗೆ ಸರಿಯಬೇಕು. ಆರನೇ ಹಾರ್ಮೋನಿಕ್‌ಗೆ ಉಲ್ಟಾ, 3ನೇ ಫ್ರೆಟ್ ದಾಟಿ ಆರೂವರೆ ಮಿ.ಮೀ. ಮುಂದೆ. ಬೆರಳ ತುದಿ ಮಾತ್ರ ಸೋಕಲಿ, ಮೀಟಿದ ತಕ್ಷಣ ಎತ್ತಿ. ತಡವಾದರೆ ಸ್ವರ ಉಸಿರು ಕಟ್ಟುತ್ತದೆ.

ಮೀಟುವುದು ಬ್ರಿಡ್ಜ್ (ತಂತಿಯ ಇನ್ನೊಂದು ತುದಿಯ ಆಧಾರ) ಹತ್ತಿರ, ಅಲ್ಲಿನ ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಸಾಧನ) ದನಿ ಮುಂದಿಟ್ಟು. ಹಳೇ ತಂತಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು ಸತ್ತೇ ಹೋಗಿರುತ್ತವೆ, ಕೈಯನ್ನು ಬೈದು ಪ್ರಯೋಜನವಿಲ್ಲ. ರೌಂಡ್‌ವೌಂಡ್ ತಂತಿ, ಅಂದರೆ ದುಂಡು ತಂತಿ ಸುತ್ತಿದ ಒರಟು ಮೈಯದು ಬೇಕು. ಆದರೆ ಅದು ಫ್ರೆಟ್‌ಲೆಸ್‌ನ ಮರವನ್ನು ಅರದಂತೆ ಉಜ್ಜುತ್ತದೆ. ಜಾಕೋ ಆ ಮರದ ಫಿಂಗರ್‌ಬೋರ್ಡ್‌ಗೆ ದೋಣಿಗೆ ಬಳಿಯುವ ಎಪಾಕ್ಸಿ ಎಂಬ ಗಟ್ಟಿ ಅಂಟು ಬಳಿದದ್ದು ಅದಕ್ಕೇ.

ಜಾಕೋ ವೆದರ್ ರಿಪೋರ್ಟ್ ತಂಡದೊಂದಿಗೆ ನುಡಿಸಿದ ‘ಬರ್ಡ್‌ಲ್ಯಾಂಡ್’ನ ಆರಂಭ ಬೇರೆ ವಿದ್ಯೆ: ಎಡಗೈ ಸ್ವರ ಒತ್ತುತ್ತದೆ, ಬಲಹೆಬ್ಬೆರಳು ಅಲ್ಲಿಂದ ಸರಿಯಾಗಿ 12 ಫ್ರೆಟ್ ಆಚೆ ತಂತಿ ಸೋಕುತ್ತದೆ, ಅದರ ಹಿಂದೆ, ಬ್ರಿಡ್ಜ್ ಕಡೆಗೆ, ಬಲಗೈ ಬೆರಳು ಮೀಟುತ್ತದೆ. ಎಡಗೈ ಎರಡು ಫ್ರೆಟ್ ಸರಿದರೆ ಹೆಬ್ಬೆರಳೂ ಎರಡೇ, ಆದರೆ ಅಲ್ಲಿ ಅಂತರ ಅರ್ಧದಷ್ಟೇ.