ಎಳೆ ಮಕ್ಕಳ ಜೊತೆ ಕಾರಿನಲ್ಲಿ ದೂರದ ಪ್ರಯಾಣ ಬೇಕೇ?

ಪರ: ಮಕ್ಕಳಿಗೆ ದಾರಿಯೂ ಬೇಕು

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್. ಶಿರಸಿಗೆ ರೈಲಿಲ್ಲ. ಮಗಳಿಗೆ ಒಂದೂವರೆ ವರ್ಷ ಇದ್ದಾಗಿನಿಂದ ಪ್ರತಿ ದಸರಾ ರಜೆಗೆ ಕಾರಿನಲ್ಲೇ ಅಜ್ಜಿ ಮನೆಗೆ ಹೋಗುತ್ತೇವೆ. ಈಗ ಅವಳಿಗೆ ಐದು. "ಪಾಪ, ಮಗೂನ ಯಾಕೆ ಅಷ್ಟು ದೂರ ಕುಲುಕಿಸಿಕೊಂಡು ಹೋಗ್ತೀರಿ" ಎಂದು ಕೇಳದ ನೆಂಟರಿಲ್ಲ.

ರಾತ್ರಿ ಬಸ್ಸಿನಲ್ಲಿ ಮಲಗಿಸಿದರೆ ಮಗು ಕಣ್ಣು ಬಿಡುವಾಗ ಶಿರಸಿ ಬಂದಿರುತ್ತದೆ. ನಡುವಿನದೆಲ್ಲ ಕತ್ತಲು. ಹಗಲಲ್ಲಿ ಹೋದರೆ ತುಮಕೂರಿನ ತೆಂಗು, ಚಿತ್ರದುರ್ಗದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ, ಹರಿಹರದ ತುಂಗಭದ್ರೆ, ಹಾನಗಲ್ ದಾಟಿದ ಮೇಲೆ ಕಾಡು, ಅಡಿಕೆ ತೋಟ. ನಾಡು ಅಂದರೆ ಇದೇ ಅಲ್ವಾ?

ಹೋದ ವರ್ಷ ರಾಣೆಬೆನ್ನೂರಿನ ಹತ್ತಿರ ಇಳಿಯಲೇಬೇಕು ಎಂದು ಮಗಳು ಹಟ ಹಿಡಿದಳು. ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದೆವು. ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಒಬ್ಬ ಅಜ್ಜಿ ಬರಿಗಾಲಿನಲ್ಲಿ ಸಾಲು ಎಳೆಯುತ್ತ ಕಾಳು ತಿರುವುತ್ತಿದ್ದರು. "ಇದೇನಜ್ಜಿ?" ಎಂದಳು. "ಗೋಂಜಾಳ ಐತವ್ವ." ನಮ್ಮನೆಯಲ್ಲಿ ಅದು ಮುಸುಕಿನ ಜೋಳ. ಅಜ್ಜಿ ಅವಳ ಚಪ್ಪಲಿ ಬಿಚ್ಚಿಸಿ ಪಕ್ಕದಲ್ಲೇ ನಡೆಸಿಕೊಂಡರು. ಬಿಸಿ ಕಾಳಿನೊಳಗೆ ಪುಟ್ಟ ಪಾದ ಹೂತು ಎಳೆಯುತ್ತ ಅರ್ಧ ಗಂಟೆ ಕಳೆದಳು. ಜೇಬು ತುಂಬ ಕಾಳು ತಂದು ಶಿರಸಿಯ ಹಿತ್ತಲಿನಲ್ಲಿ ಊರಿದಳು. ನಾವು ವಾಪಸು ಹೊರಡುವಾಗ ನಾಲ್ಕು ಮೊಳಕೆ ಬಂದಿತ್ತು. "ನನ್ನ ಗೋಂಜಾಳ ಎಷ್ಟುದ್ದ ಆಯ್ತು?" ಎಂದು ಎಷ್ಟೋ ದಿನ ಫೋನಿನಲ್ಲಿ ಕೇಳಿದಳು.

ಅಪಾಯ, ಅಪಾಯ ಅನ್ನುವವರು ಮಗುವನ್ನು ಗೇಟಿನಾಚೆಗೂ ಬಿಡುವುದಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನಿಸಿ. ನಮಗೆ ಹನ್ನೊಂದು ಗಂಟೆ ಹಿಡಿಯುತ್ತದೆ, ಹಿಡಿಯಲಿ.

ವಿರೋಧ: ಸ್ವಲ್ಪ ದೊಡ್ಡವರಾಗಲಿ

ನನಗೂ ಕಾರಿನಲ್ಲಿ ಸುತ್ತುವುದು ಇಷ್ಟ. ವಿರೋಧದ ಕಡೆ ಬರೆಯಿರಿ ಎಂದಾಗ ಒಂದು ದಿನ ಯೋಚಿಸಿದೆ. ಹತ್ತು ವರ್ಷದ ಮಕ್ಕಳಾದರೆ ಖಂಡಿತ ಹೋಗಿ. ಎಳೆ ಮಕ್ಕಳಾದರೆ ಬೇಡ ಅನ್ನಿಸುತ್ತದೆ.

14 ವರ್ಷದೊಳಗಿನವರಿಗೆ ಸೀಟ್ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇರಲೇಬೇಕು. ಇಲ್ಲದಿದ್ದರೆ 1,000 ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ ಸೇರಿಸಿದ್ದಾರೆ. ಆದರೂ ನಮ್ಮಲ್ಲಿ ಮಗು ಅಮ್ಮನ ಮಡಿಲಲ್ಲೇ ಇರುತ್ತದೆ. 80ರ ವೇಗದಲ್ಲಿ ಗಕ್ಕನೆ ಬ್ರೇಕ್ ಒತ್ತಿದರೆ ಯಾವ ಅಮ್ಮನ ಕೈಗೂ ಮಗುವನ್ನು ಹಿಡಿದುಕೊಳ್ಳಲು ಆಗುವುದಿಲ್ಲ. ಸೀಟಿಗೆ ಕಟ್ಟಿದರೆ ಒಂದು ಗಂಟೆಯಲ್ಲಿ ಅಳು ಶುರು. ಅಳು ನಿಲ್ಲಲಿ ಎಂದು ಬಿಚ್ಚಿ ಮಡಿಲಿಗೆ ಎತ್ತಿಕೊಳ್ಳುತ್ತೇವೆ.

ಇನ್ನು ವಾಂತಿ. ಎರಡು ವರ್ಷದಿಂದ ಹನ್ನೆರಡರವರೆಗೆ ಇದರ ಕಾಟ ಜಾಸ್ತಿ. ಗಾಡಿ ಓಡುತ್ತಿರುವುದು ಒಳಗಿವಿಗೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದು ಮುಂದಿನ ಸೀಟು ಮಾತ್ರ. ಹೊಟ್ಟೆ ತೊಳಸುತ್ತದೆ. ಚಾರ್ಮಾಡಿ ಘಾಟಿಯಲ್ಲಿ 11 ಹೇರ್‌ಪಿನ್ ತಿರುವುಗಳಿವೆ. ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆಯನ್ನು ನನ್ನ ಮಗ ಮೂರನೇ ತಿರುವಿನಲ್ಲೇ ಕಕ್ಕಿದ. ಕೆಳಗೆ ಇಳಿಯುವವರೆಗೂ ಮುಖ ಬಿಳಿಚಿಕೊಂಡು ಸುಮ್ನೆ ಕೂತಿದ್ದ.

ದಾರಿಯಲ್ಲಿ ನಾಡು ಕಾಣುತ್ತದೆ ಅನ್ನುತ್ತಾರೆ. ಮೂರು ವರ್ಷದ ಮಗು ನೆಲಮಂಗಲ ದಾಟುವುದರೊಳಗೆ ನಿದ್ದೆ ಹೋಗಿರುತ್ತದೆ. ಎದ್ದ ಮೇಲೆ ಕೇಳುವುದು ಮೊಬೈಲ್.

ಮಂಗಳೂರಿಗೆ ನಾವೀಗ ರಾತ್ರಿ ರೈಲಿನಲ್ಲಿ ಹೋಗುತ್ತೇವೆ. ಮಗ ಕೆಳಗಿನ ಬರ್ತ್‌ನಲ್ಲಿ ಕಾಲು ಚಾಚಿ ಮಲಗುತ್ತಾನೆ. ರೈಲಿಲ್ಲದ ಶಿರಸಿಗೆ ಹೋಗುವವರು ಹಾವೇರಿವರೆಗೆ ರೈಲಿನಲ್ಲಿ ಬಂದು, ಉಳಿದ ಎರಡು ಗಂಟೆಗೆ ಕಾರು ಮಾಡಿಕೊಳ್ಳಬಹುದು.