ಬೀಪ್ ಬರಲಿಲ್ಲ ಅಂದರೆ ಕೋಟಿಂಗ್ ಚೆನ್ನಾಗಿದೆ ಅಂತಲ್ಲ

ಕೋಟಿಂಗ್ ಇನ್ಸ್‌ಪೆಕ್ಷನ್ ಮಾಡುವ ಗೆಳೆಯರಿಗೆ ಒಂದು ಮಾತು ಹೇಳಬೇಕು. ಉಕ್ಕಿನ ಟ್ಯಾಂಕ್, ಪೈಪಿಗೆ ಬಳಿದ ಕೋಟಿಂಗಲ್ಲಿ ತೂತು ಹುಡುಕುವ ಹಾಲಿಡೇ ಡಿಟೆಕ್ಟರ್ ಕೈಗೆ ಬಂದ ತಕ್ಷಣ ನಾವು ನೋಡುವುದು ಕ್ಯಾಲಿಬ್ರೇಷನ್ ಸ್ಟಿಕರ್. ತಾರೀಕು ಮುಗಿದಿಲ್ಲ ಅಂದರೆ ಸ್ವಿಚ್ ಹಾಕಿ ಕೆಲಸ ಶುರು. ಅಷ್ಟು ಸಾಲದು.

ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇಲ್ಲಿ ಹಾಲಿಡೇ ಅಂದರೆ ರಜೆಯಲ್ಲ. ಕೋಟಿಂಗ್‌ನಲ್ಲಿ ಕಣ್ಣಿಗೆ ಕಾಣದ ತೂತು, ಬಿರುಕು, ಬಳಿಯದೆ ಬಿಟ್ಟುಹೋದ ಜಾಗ. ಕೋಟಿಂಗ್ ಕರೆಂಟನ್ನು ತಡೆಯುತ್ತದೆ, ಕೆಳಗಿನ ಉಕ್ಕು ತಡೆಯುವುದಿಲ್ಲ. ತೂತು ಸಿಕ್ಕಿದ ಕಡೆ ಸರ್ಕ್ಯೂಟ್ ಪೂರ್ತಿಯಾಗಿ ಬೀಪ್ ಕೇಳಿಸುತ್ತದೆ.

ಒಮ್ಮೆ ಒಂದು ಟ್ಯಾಂಕಿನ ಒಳಗೆ 67.5 ವೋಲ್ಟಿನ ಒದ್ದೆ ಸ್ಪಾಂಜ್ ಡಿಟೆಕ್ಟರ್ ಹಿಡಿದು ಅರ್ಧ ದಿನ ಓಡಾಡಿದೆ. ಒಂದೂ ಬೀಪ್ ಇಲ್ಲ. ಮಧ್ಯಾಹ್ನ ಸ್ಪಾಂಜ್ ಮ್ಯಾನ್‌ಹೋಲ್ ಅಂಚಿನ ಬರಿ ಉಕ್ಕಿಗೆ ತಾಗಿತು. ಆಗಲೂ ಸದ್ದಿಲ್ಲ! ನೋಡಿದರೆ, ಮೆಷಿನ್ನಿನ ಇನ್ನೊಂದು ತಂತಿಯನ್ನು ಉಕ್ಕಿಗೆ ಸೇರಿಸುವ ಅರ್ಥ್ ಕ್ಲಿಪ್ ಕಚ್ಚಿದ್ದು ಪೇಂಟ್ ಆದ ಬೋಲ್ಟನ್ನು. ಉಜ್ಜಿ ಬರಿ ಲೋಹಕ್ಕೆ ಹಾಕಿ ಮತ್ತೆ ಮೊದಲಿಂದ ಶುರು ಮಾಡಿದೆ. ವೆಲ್ಡ್ ಉದ್ದಕ್ಕೂ ಪಿನ್‌ಹೋಲ್‌ಗಳು. ಆ ಮೆಷಿನ್‌ಗೆ ಸರ್ಟಿಫಿಕೇಟ್ ಇತ್ತು, ಸರಿಯಾಗಿಯೂ ಇತ್ತು. ಲ್ಯಾಬ್ ನೋಡಿದ್ದು ಮೆಷಿನ್ ಒಂದನ್ನೇ. ಕೇಬಲ್, ಕ್ಲಿಪ್, ಸ್ಪಾಂಜ್, ಟ್ಯಾಂಕಿನ ಉಕ್ಕು ಎಲ್ಲಾ ಸೇರಿದ ಪೂರ್ತಿ ಸರ್ಕ್ಯೂಟನ್ನು ನೋಡಬೇಕಾದವರು ನಾವು ಅಲ್ವಾ?

ಅದಕ್ಕೇ ನಾನು ಈಗ ಕೆಲಸಕ್ಕೆ ಮೊದಲು ಬರಿ ಲೋಹ ಮುಟ್ಟಿಸಿ ನೋಡುತ್ತೇನೆ. ಆಮೇಲೆ ಗೊತ್ತಿದ್ದೇ ಮಾಡಿಟ್ಟ ಒಂದು ಸಣ್ಣ ತೂತಿನ ಮೇಲೆ ಹಾಯಿಸುತ್ತೇನೆ. ಊಟದ ನಂತರ ಮತ್ತೊಮ್ಮೆ, ಕೊನೆಗೂ ಒಮ್ಮೆ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಫೇಲ್ ಆದರೆ ಹಿಂದಿನ ಚೆಕ್‌ನಿಂದ ಇಲ್ಲಿಯವರೆಗೆ ಮಾಡಿದ್ದೆಲ್ಲ ಮತ್ತೆ ಮಾಡಬೇಕು, ಬೇರೆ ದಾರಿ ಇಲ್ಲ.

ಒದ್ದೆ ಸ್ಪಾಂಜ್ 500 ಮೈಕ್ರಾನ್‌ವರೆಗಿನ ಕೋಟಿಂಗ್‌ಗೆ ಮಾತ್ರ. ನೀರು ಸೋರುವಷ್ಟು ಒದ್ದೆ ಮಾಡಬೇಡಿ. ಇಳಿದು ಹೋದ ನೀರು ದೂರದ ತೂತಿಗೆ ತಲುಪಿ, ಬೀಪ್ ಇಲ್ಲಿ, ತೂತು ಅಲ್ಲಿ ಆಗುತ್ತದೆ.

ದಪ್ಪ ಕೋಟಿಂಗ್‌ಗೆ ಹೈ ವೋಲ್ಟೇಜ್ ಸ್ಪಾರ್ಕ್ ಟೆಸ್ಟರ್. ಸ್ಪಾಂಜ್ ಬದಲು ಲೋಹದ ಬ್ರಷ್ ಅಥವಾ ಸ್ಪ್ರಿಂಗ್ ಹಾಯಿಸುತ್ತೇವೆ, ತೂತಿದ್ದ ಕಡೆ ಕಿಡಿ ಹಾರುತ್ತದೆ. ಇಲ್ಲಿ ಜಾಸ್ತಿ ತಪ್ಪಾಗುವುದು ವೋಲ್ಟೇಜ್ ಇಡುವುದರಲ್ಲಿ. "ಸ್ವಲ್ಪ ಜಾಸ್ತಿ ಇಡು, ಸೇಫ್" ಅನ್ನುವುದನ್ನು ಕೇಳಿದ್ದೇನೆ. ಇದು ಸೇಫ್ ಅಲ್ಲ. ಜಾಸ್ತಿಯಾದರೆ ಒಳ್ಳೆ ಕೋಟಿಂಗನ್ನೇ ಸುಟ್ಟು ತೂತು ಮಾಡುತ್ತದೆ, ಕಡಿಮೆಯಾದರೆ ತೂತಿನ ಮೇಲೂ ಸ್ಪಾರ್ಕ್ ಹಾರುವುದಿಲ್ಲ. ಪೈಪಿನ ಹೊರಗಿನ ಎಫ್‌ಬಿಇ, ಅಂದರೆ ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಅಂಟಿಸಿದ ಎಪಾಕ್ಸಿಯನ್ನು, 500 ಮೈಕ್ರಾನ್‌ಗಿಂತ ತೆಳುವಾದರೂ ಸ್ಪಾರ್ಕ್ ಟೆಸ್ಟ್ ಮಾಡುತ್ತಾರೆ. ಅದಕ್ಕೆ ಎನ್‌ಎಸಿಇ ಎಸ್‌ಪಿ0490 ಅನ್ನುವ ಸ್ಟ್ಯಾಂಡರ್ಡ್ ಕೊಡುವ ಲೆಕ್ಕ ಸುಲಭ. ದಪ್ಪವನ್ನು ಮಿಲ್‌ನಲ್ಲಿ (ಇಂಚಿನ ಸಾವಿರದ ಒಂದು ಭಾಗ) ತಗೊಂಡು ವರ್ಗಮೂಲ ಮಾಡಿ 525ರಿಂದ ಗುಣಿಸಿ. 16 ಮಿಲ್, ಅಂದರೆ ಸುಮಾರು 400 ಮೈಕ್ರಾನ್‌ಗೆ 2,100 ವೋಲ್ಟ್. ಕೋಟಿಂಗ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಆ ಕೆಲಸದ ಸ್ಪೆಸಿಫಿಕೇಷನ್ ಓದಿ.

ಇಟ್ಟ ವೋಲ್ಟೇಜ್ ನಿಜವಾಗಿ ಬ್ರಷ್‌ಗೆ ಬರುತ್ತಿದೆಯಾ? ಡಯಲ್ ಹೇಳಿದ್ದನ್ನು ನಂಬಬೇಡಿ. ವೋಲ್ಟೇಜನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಟೈಪ್ ಆದರೆ ಪೀಕ್, ಅಂದರೆ ಅತಿ ಹೆಚ್ಚಿನ ವೋಲ್ಟೇಜ್ ಓದುವ ಮೀಟರ್ ಬೇಕು, ಸಾಮಾನ್ಯ ಮಲ್ಟಿಮೀಟರ್ ಬೇಡವೇ ಬೇಡ. ಬ್ರಷ್ ಮತ್ತು ಲೋಹದ ಮಧ್ಯೆ, ಕೆಲಸದ ಜಾಗದಲ್ಲೇ ಅಳೆಯಿರಿ. ಸ್ಪ್ರಿಂಗ್ ಅಥವಾ ಬ್ರಷ್ ಕೋಟಿಂಗ್ ಬಿಟ್ಟು ಮೇಲೆದ್ದರೂ ಕಷ್ಟ. ಒಂದು ಮಿಲಿಮೀಟರ್ ಗಾಳಿ ದಾಟಲು ಸುಮಾರು 3,000 ವೋಲ್ಟ್ ಬೇಕು, ನೀವಿಟ್ಟಿದ್ದು 2,100. ಅವಸರವೂ ಬೇಡ. ಸೆಕೆಂಡಿಗೆ 30 ಸೆಂಟಿಮೀಟರ್‌ಗಿಂತ ವೇಗ ಹೋಗಬೇಡಿ.

ಇನ್ನೊಂದು ವಿಷಯ. ಕೋಟಿಂಗ್ ಪೂರ್ತಿ ಒಣಗಿ ಗಟ್ಟಿಯಾಗದೆ ಸ್ಪಾರ್ಕ್ ಟೆಸ್ಟ್ ಮಾಡಲೇಬೇಡಿ. ಸಾಲ್ವೆಂಟ್ (ಥಿನ್ನರ್‌ನಂಥ ದ್ರವ) ಆವಿ ಇರುವ ಟ್ಯಾಂಕಿನಲ್ಲಿ ಸ್ಪಾರ್ಕ್ ಅಂದರೆ ಬೆಂಕಿ. ರಿಪೇರಿ ಆದ ಮೇಲೂ ಆ ಜಾಗ ಗಟ್ಟಿಯಾಗಲಿ. ಆಮೇಲೆ ರಿಪೇರಿ ಮಾಡಿದ್ದಷ್ಟನ್ನೇ ಟೆಸ್ಟ್ ಮಾಡಿ. ಇಡೀ ಟ್ಯಾಂಕಿಗೆ ಸುಮ್ನೆ ಮತ್ತೆ ಮತ್ತೆ ಹೈ ವೋಲ್ಟೇಜ್ ಕೊಟ್ಟರೆ ಒಳ್ಳೆ ಕೋಟಿಂಗೂ ಸೋಲುತ್ತದೆ.