ಫೋಟೋ ನೋಡಿ ಒಪ್ಪಿದ ನಾಯಿ

ಹೊರದೇಶದ ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಲು ಹೊರಟ ಕುಟುಂಬಕ್ಕೆ ಮೊದಲು ಕಾದಿರುವುದು ನಾಯಿ ಕೊಡುವ ಸಂಸ್ಥೆಯವರ ವಿಚಾರಣೆ. ಬೇಲಿ ಎಷ್ಟು ಎತ್ತರ? ಮಕ್ಕಳ ವಯಸ್ಸೆಷ್ಟು? ದಿನಕ್ಕೆ ಎಷ್ಟು ಹೊತ್ತು ಮನೆ ಖಾಲಿ ಇರುತ್ತದೆ? ಹಿಂದೆ ಸಾಕಿದ್ದ ನಾಯಿ ಹೇಗೆ ಸತ್ತಿತು? ವಿಡಿಯೋ ಕಾಲ್‌ನಲ್ಲಿ ಹಿತ್ತಲನ್ನೂ ತೋರಿಸಬೇಕು. ಅಪ್ಪ ಫೋನ್ ಹಿಡಿದು ಗೇಟಿನ ಚಿಲಕದವರೆಗೂ ಹೋಗುತ್ತಾರೆ, ಅಮ್ಮ ಹಿಂದಿನಿಂದ "ರೀ, ಆ ಕಡೆ ಬಟ್ಟೆ ಒಣಗಿ ಹಾಕಿದ್ದೀನಿ, ತೋರಿಸ್ಬೇಡಿ" ಅಂತ ಪಿಸುಗುಡುತ್ತಾರೆ.

ಇಷ್ಟೆಲ್ಲ ಪಾಸಾದ ಮೇಲೆ ಇವರು ನಾಯಿಯನ್ನು ಆರಿಸುವುದು ಹೇಗೆ? ಎರಡು ಫೋಟೋ, ಒಂದು ತುಣುಕು ವಿಡಿಯೋ, ಅಷ್ಟೇ. "ತುಂಬಾ ಪಾಪದ್ದು, ಮಕ್ಕಳೆಂದರೆ ಪ್ರಾಣ" ಅಂತ ಕೆಳಗೆ ಬರೆದಿರುತ್ತದೆ. ಶೆಲ್ಟರಿನ ಬೋನಿನಲ್ಲಿ ಅದಕ್ಕೆ ಯಾವ ಮಕ್ಕಳು ಸಿಕ್ಕಿದ್ದರೋ! ಮೂಲೆಯಲ್ಲಿ ಹೆದರಿ ಮುದುಡಿ ಕೂತಿದ್ದರೆ ಶಾಂತ ಸ್ವಭಾವ, ಕಂಬಿ ಹತ್ತಿ ಹಾರುತ್ತಿದ್ದರೆ ಲವಲವಿಕೆ.

ಕಾಗದಪತ್ರ ಮಾತ್ರ ಪಕ್ಕಾ. ಚರ್ಮದಡಿ ಮೈಕ್ರೋಚಿಪ್, ಅದಕ್ಕೆ 15 ಅಂಕಿಯ ನಂಬರು. ಯುರೋಪ್ ಒಕ್ಕೂಟದ ಒಳಗೇ ಗಡಿ ದಾಟುವುದಾದರೂ 12 ವಾರ ತುಂಬಿದ ಮೇಲೆ ರೇಬೀಸ್ ಲಸಿಕೆ, ಆಮೇಲೆ 21 ದಿನ ಕಾಯಬೇಕು. ಅಮೆರಿಕಕ್ಕಾದರೆ 2024ರ ಆಗಸ್ಟ್‌ನಿಂದ 6 ತಿಂಗಳು ತುಂಬದ ನಾಯಿಗೆ ಪ್ರವೇಶವೇ ಇಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಹೆಚ್ಚುಕಡಿಮೆ ಅಸಾಧ್ಯ, ಹಾಗಾಗಿ ಈ ನಿಯಮಗಳನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಮೆಡಿಟರೇನಿಯನ್ ಕಡೆ ಮರಳುನೊಣದಿಂದ ಹರಡುವ ಲೀಶ್ಮೇನಿಯಾ ಅಂತ ಒಂದು ರೋಗಾಣು ಇದೆ, ಅದು ವರ್ಷಗಟ್ಟಲೆ ನಾಯಿಯ ಮೈಯಲ್ಲಿ ಸುಮ್ನೆ ಅಡಗಿದ್ದು ಆಮೇಲೆ ತಲೆ ಎತ್ತಬಹುದು, ಕೆಲವು ನಾಯಿಗಳಿಗೆ ಜೀವನಪೂರ್ತಿ ಮಾತ್ರೆ ಬೇಕಾಗಬಹುದು. ಅದರ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ ನೋಡಿ. "ಆರೋಗ್ಯವಾಗಿದೆ, ವಿಡಿಯೋದಲ್ಲಿ ಬಾಲ ಅಲ್ಲಾಡಿಸ್ತಾ ಇದೆಯಲ್ಲ" ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ.

ದಿನಗಟ್ಟಲೆ ವ್ಯಾನಿನಲ್ಲಿ ಕುಲುಕಿಸಿಕೊಂಡು ಬಂದ ನಾಯಿಯನ್ನು ಅಪರಾತ್ರಿ ಪಾರ್ಕಿಂಗ್ ಜಾಗದಲ್ಲಿ ಕೈಗೆ ಕೊಡುತ್ತಾರೆ. ಮನೆಯಲ್ಲಿ ಹೊಸ ಹಾಸಿಗೆ, ಹೊಸ ಹೆಸರು, ಸ್ವಾಗತದ ಬಲೂನು. ಮೆಟ್ಟಿಲು, ಕನ್ನಡಿ, ವಾಷಿಂಗ್ ಮೆಷಿನ್ ಯಾವುದನ್ನೂ ಹುಟ್ಟಿದಾಗಿನಿಂದ ಕಾಣದ ಪ್ರಾಣಿ, ಬಲೂನು ಒಂದು ಸಲ ಢಮ್ ಅಂದಿದ್ದೇ ತಡ, ಸೋಫಾ ಹಿಂದೆ ಸೇರಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆಯೇ ಅಮ್ಮನ ಪೋಸ್ಟ್: "ನಾವು ಇವನನ್ನು ಕಾಪಾಡಲಿಲ್ಲ, ಇವನೇ ನಮ್ಮನ್ನು ಕಾಪಾಡಿದ." ಜೊತೆಗಿರುವ ಫೋಟೋದಲ್ಲಿ ಕಾಣುವುದು ಸೋಫಾ, ಅದರ ಪಕ್ಕದಲ್ಲಿ ಒಂದಿಷ್ಟು ಬಾಲ.

ಮೊದಲ ವಾರಗಳಲ್ಲಿ ಹಗ್ಗ ಬಿಚ್ಚಬೇಡಿ, ಎರಡೆರಡು ಕಟ್ಟಿ ಅಂತ ಕೊಟ್ಟ ಕಾಗದದಲ್ಲಿ ಸ್ಪಷ್ಟವಾಗಿ ಇರುತ್ತದೆ. ಬೇಲಿಯ ಎತ್ತರ ಅಳೆದು ಕೊಟ್ಟ ಅಪ್ಪನಿಗೆ ಅದನ್ನು ಓದಲು ಪುರುಸೊತ್ತು ಎಲ್ಲಿ? "ಅದಕ್ಕೆ ನಮ್ಮ ಮೇಲೆ ನಂಬಿಕೆ ಬಂದಿದೆ" ಅಂತ ನಾಲ್ಕನೇ ದಿನವೇ ಪಾರ್ಕಿನಲ್ಲಿ ಬಿಚ್ಚಿಬಿಡುತ್ತಾರೆ.

ಸಂಜೆ ಕಂಬಕಂಬಕ್ಕೂ ಚೀಟಿ: ನಾಯಿ ಕಳೆದಿದೆ, ಚಿಪ್ ನಂಬರು 15 ಅಂಕಿ ಪೂರ್ತಿ ಇದೆ, ಕಂಡರೆ ಫೋನ್ ಮಾಡಿ, ದಯವಿಟ್ಟು ಹೆಸರು ಹಿಡಿದು ಕರೆಯಬೇಡಿ, ಅದರ ಹೆಸರು ಅದಕ್ಕಿನ್ನೂ ಗೊತ್ತಿಲ್ಲ.